ಹಲ್ಲಿನ ಸೀಟಿನ ಲೆಕ್ಕ

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಮೊದಲು ಹೇಳಿದ ಪುಣ್ಯಾತ್ಮ ಪಿಯುಸಿ ಮಕ್ಕಳ ಅಂಕಪಟ್ಟಿಗಳನ್ನು ನೋಡಿದ್ದಿದ್ದರೆ ಅದನ್ನು ಇನ್ನೂ ಸ್ವಲ್ಪ ಉದ್ದ ಮಾಡುತ್ತಿದ್ದನೋ ಏನೋ. ಜೀವಶಾಸ್ತ್ರ ಬಂದವರಿಗೆ ಭೌತಶಾಸ್ತ್ರ ಬರುವುದಿಲ್ಲ, ಭೌತಶಾಸ್ತ್ರ ಬಂದವರಿಗೆ ಜೀವಶಾಸ್ತ್ರ ಬೇಕಾಗಿರುವುದಿಲ್ಲ, ಎರಡೂ ಬಂದವರಿಗೆ ರಸಾಯನಶಾಸ್ತ್ರದ ದಿನವೇ ಜ್ವರ ಬಂದಿರುತ್ತದೆ. ದಾವಣಗೆರೆ ಸೀಮೆಯ ಒಂದು ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನಲ್ಲಿ ಮೂವತ್ತೈದು ವರ್ಷ ಭೌತಶಾಸ್ತ್ರದ ಪಾಠ ಹೇಳಿ 2011ರಲ್ಲಿ ನಿವೃತ್ತನಾದ ನನಗೆ ಈ ಏರುಪೇರಿನ ಅಂಕಪಟ್ಟಿಗಳು ಮನೆಯ ಗೋಡೆಯ ಬಿರುಕುಗಳಷ್ಟೇ ಪರಿಚಿತ.

ಆದರೆ ಊರಿನಲ್ಲಿ ನನಗೆ ಹೆಸರು ಬಂದದ್ದು ಪಾಠದಿಂದಲ್ಲ. ಫಲಿತಾಂಶ ಬಂದ ಮೇಲೆ ಯಾರಿಗೆ ಯಾವ ಸೀಟು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂದು ಹೇಳುವ ವಿದ್ಯೆಯಿಂದ. ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯ ಜಗಲಿಯ ಮೇಲೆ ತಂದೆತಾಯಿಗಳು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಕಪಟ್ಟಿಯನ್ನು ಜಾತಕದ ಹಾಗೆ ಮಡಿಸಿ ಹಿಡಿದುಕೊಂಡು ಕಾಯುತ್ತಿದ್ದರು. 'ದಕ್ಷಿಣೆ ಇಲ್ಲದ ಜೋಯಿಸರು' ಎಂದು ನನ್ನಾಕೆ ಒಳಗಿನಿಂದ ಗೊಣಗುತ್ತಿದ್ದಳು. ದಕ್ಷಿಣೆ ಇಲ್ಲದಿದ್ದರೆ ಹೋಗಲಿ, ಬಂದವರಿಗೆಲ್ಲ ಕಾಫಿ ಬೇರೆ ಅವಳೇ ಮಾಡಬೇಕಿತ್ತು.

ಈ ವಿದ್ಯೆ ನನಗೆ ಅಂಟಿಕೊಂಡದ್ದು 1994ರಲ್ಲಿ. ಅದಕ್ಕೆ ಹಿಂದಿನ ವರ್ಷ ಸುಪ್ರೀಂ ಕೋರ್ಟು ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದಾಗಿ ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟುಗಳು 'ಫ್ರೀ ಸೀಟು', ಉಳಿದರ್ಧ 'ಪೇಮೆಂಟ್ ಸೀಟು' ಎಂದಾಗಿದ್ದವು. 1994ರಲ್ಲಿ ಸಿಇಟಿ ಬಂತು. ದುಡ್ಡಿಲ್ಲದವರ ಮಕ್ಕಳೂ ಖಾಸಗಿ ಕಾಲೇಜಿನ ಬಾಗಿಲಿಗೆ ಹೋಗಬಹುದು ಎಂಬ ಆಸೆ ನಮ್ಮಂಥ ಊರುಗಳಲ್ಲಿ ಮೊದಲ ಬಾರಿಗೆ ಚಿಗುರಿದ ಕಾಲ ಅದು. ಆಸೆ ಚಿಗುರಿದ ಕಡೆ ಲೆಕ್ಕ ಕೇಳುವವರೂ ಹುಟ್ಟುತ್ತಾರೆ. ನಾನೊಂದು ಇನ್ನೂರು ಪುಟದ ನೋಟ್‌ಪುಸ್ತಕ ತಂದು, ನನ್ನ ವಿದ್ಯಾರ್ಥಿಗಳ ರ‍್ಯಾಂಕು ಎಷ್ಟು, ಯಾವ ಸೀಟು ಸಿಕ್ಕಿತು ಎಂದು ಬರೆದಿಡತೊಡಗಿದೆ. ಎರಡು ವರ್ಷದಲ್ಲಿ ಅದಕ್ಕೆ ಪಂಚಾಂಗದ ಗೌರವ ಬಂದುಬಿಟ್ಟಿತು.

ಎಲ್ಲಕ್ಕಿಂತ ಕಷ್ಟದ ಲೆಕ್ಕ ಹಲ್ಲಿನ ಡಾಕ್ಟರ ಸೀಟಿನದು. ನಮ್ಮಲ್ಲಿ ಹಲ್ಲಿನ ಕಾಲೇಜುಗಳಿಗೇನೂ ಬರವಿರಲಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು, ಮಣಿಪಾಲದ್ದು 1965ರದು. ದಾವಣಗೆರೆಯ ಬಾಪೂಜಿ ದಂತ ಕಾಲೇಜು 1979ರಲ್ಲೇ ಶುರುವಾಗಿತ್ತು. ಆಮೇಲೆ ಅದೇ ಊರಿನಲ್ಲಿ ಇನ್ನೊಂದೂ ಬಂತು. ಕಷ್ಟವಿದ್ದದ್ದು ಸೀಟಿನ ಸ್ವಭಾವದಲ್ಲಿ. ಎಂಬಿಬಿಎಸ್ ಸೀಟು ಸಿಕ್ಕವನು ಅದನ್ನು ಬಿಡುವುದಿಲ್ಲ. ಬಿಡಿಎಸ್ ಸೀಟು ಸಿಕ್ಕವನು ಒಂದು ಕಾಲನ್ನು ಹೊಸ್ತಿಲ ಹೊರಗೇ ಇಟ್ಟುಕೊಂಡಿರುತ್ತಾನೆ. ಮೇಲೆ ಒಂದು ಮೆಡಿಕಲ್ ಸೀಟು ಖಾಲಿಯಾದರೆ ಇವನು ಅಲ್ಲಿಗೆ ಹಾರುತ್ತಾನೆ, ಇವನು ಬಿಟ್ಟ ಹಲ್ಲಿನ ಸೀಟು ಕೆಳಗಿನವನಿಗೆ ಬರುತ್ತದೆ. ಹೀಗೆ ಮೊದಲ ಸುತ್ತಿನಲ್ಲಿ ಮುಗಿದೇಹೋಯಿತು ಎಂದುಕೊಂಡ ಪಟ್ಟಿ ಕೊನೆಯ ಸುತ್ತಿನ ಹೊತ್ತಿಗೆ ಎಷ್ಟೋ ಕೆಳಗೆ ಇಳಿದಿರುತ್ತದೆ. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. 1996ರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಆ ವರ್ಷ ಒಂದು ಸಂಜೆ ನಮ್ಮ ಪೇಟೆಬೀದಿಯ ಅಕ್ಕಸಾಲಿಗರು ಮಗಳನ್ನು ಕರೆದುಕೊಂಡು ಬಂದರು. ಊರಿಗೆಲ್ಲ ಅವರು ಆಚಾರ್ರು. ನನ್ನ ಮದುವೆಯ ತಾಳಿ ಮಾಡಿದವರು ಅವರ ತಂದೆ. ಮಗಳು ನನ್ನ ವಿದ್ಯಾರ್ಥಿನಿ. ಸೈನ್ಸ್ ರೆಕಾರ್ಡಿನಲ್ಲಿ ಅವಳು ಬರೆದ ಚಿತ್ರಗಳನ್ನು ಜೀವಶಾಸ್ತ್ರದ ಉಪನ್ಯಾಸಕರು ಮುಂದಿನ ವರ್ಷದ ಮಕ್ಕಳಿಗೆ ತೋರಿಸಲು ಇಟ್ಟುಕೊಂಡಿದ್ದರು. ನನ್ನ ಪ್ರಯೋಗಶಾಲೆಯಲ್ಲಿ ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಬೆಸುಗೆ ಹಾಕಬೇಕೆಂದರೆ ಅಟೆಂಡರನ್ನು ಬಿಟ್ಟು ಅವಳನ್ನೇ ಕರೆಯುತ್ತಿದ್ದೆ. ಅಂಥ ಕೈ. ಆದರೆ ನನ್ನ ವಿಷಯದಲ್ಲೇ ಅವಳು ಸೋತಿದ್ದಳು. ಜೀವಶಾಸ್ತ್ರದಲ್ಲಿ ಬಹಳ ಮೇಲೆ, ರಸಾಯನಶಾಸ್ತ್ರದಲ್ಲಿ ನಡುವೆ, ಭೌತಶಾಸ್ತ್ರದಲ್ಲಿ ತಳ.

ಆಚಾರ್ರು ಕಾಗದವನ್ನು ನನ್ನ ಕೈಗೆ ಕೊಟ್ಟು, 'ಹಲ್ಲಿನ ಡಾಕ್ಟ್ರು ಆಗ್ತೀನಿ ಅಂತಾಳೆ ಸಾರ್. ಸಿಗ್ತೈತೋ ಇಲ್ವೋ ಅಷ್ಟು ಹೇಳಿ. ಬೆಂಗಳೂರಿಗೆ ಹೋಗಿ ಬರೋಕೆ ಮೂರು ದಿನದ ಕೆಲಸ ಹೋಗ್ತೈತೆ. ಈ ಕಡೆ ಟೀಚರ್ ಟ್ರೈನಿಂಗ್ ಸೀಟಿಗೆ ದುಡ್ಡು ಕಟ್ಟೋಕೆ ನಾಳಿದ್ದೇ ಕೊನೇ ದಿನ' ಎಂದರು.

ನಾನು ಪಂಚಾಂಗ ತೆಗೆದೆ. ಹಿಂದಿನ ವರ್ಷ ನನ್ನ ವಿದ್ಯಾರ್ಥಿಗಳಲ್ಲಿ ಬಿಡಿಎಸ್ ಫ್ರೀ ಸೀಟು ಪಡೆದವನು ಒಬ್ಬನೇ. ಅವನ ರ‍್ಯಾಂಕಿಗಿಂತ ಇವಳದು ಮುನ್ನೂರು ಚಿಲ್ಲರೆ ಹಿಂದೆ ಇತ್ತು. ಕನ್ನಡಕ ತೆಗೆದು ಒರೆಸಿಕೊಂಡು, 'ಕಷ್ಟ ಆಚಾರ್ರೇ. ಭೌತಶಾಸ್ತ್ರ ಕೈಕೊಟ್ಟಿದೆ. ಒಟ್ಟು ಮೊತ್ತ ಸಾಲದು' ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಟ್ಟು ತೂಕ ಒಂದೇ ಆದ್ರೂ ಒರೆ ಬೇರೆ ಬೇರೆ ಇರ್ತೈತಲ್ಲ ಸಾರ್. ಅವರು ಒರೆ ಹಚ್ಚಿ ನೋಡೋದಿಲ್ವಾ?' ಎಂದು ಕೇಳಿದರು. ನಾನು ನಕ್ಕೆ. 'ಇದು ಚಿನ್ನ ಅಲ್ಲ ಆಚಾರ್ರೇ, ಸಿಇಟಿ' ಎಂದೆ. ಬಹಳ ಚಮತ್ಕಾರದ ಮಾತು ಆಡಿದೆನೆಂದು ಆಗ ಅನ್ನಿಸಿತ್ತು. ಹುಡುಗಿ ತಲೆ ಎತ್ತಲಿಲ್ಲ. ಕಾಫಿ ಕುಡಿದು ಹೋದರು. ಅವಳು ಟ್ರೈನಿಂಗ್ ಸೇರಿದಳು. ಬೆಂಗಳೂರಿನ ಕೌನ್ಸೆಲಿಂಗ್‌ಗೆ ಹೋಗಲೇ ಇಲ್ಲ.

ನಾಲ್ಕೈದು ತಿಂಗಳು ಕಳೆದ ಮೇಲೆ ಅವಳ ತರಗತಿಯದೇ ಒಬ್ಬ ಹುಡುಗ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಕೊನೆಯ ಸುತ್ತಿನಲ್ಲಿ ಅವನಿಗೆ ಬಿಡಿಎಸ್ ಫ್ರೀ ಸೀಟು ಸಿಕ್ಕಿತ್ತು. ಸಂತೋಷದಿಂದ ಪುಸ್ತಕ ತೆಗೆದು ರ‍್ಯಾಂಕು ಕೇಳಿದೆ. ಬರೆದುಕೊಳ್ಳುತ್ತಿದ್ದ ಕೈ ನಿಂತಿತು. ಆಚಾರ್ರ ಮಗಳ ರ‍್ಯಾಂಕಿಗಿಂತ ಅದು ಇನ್ನೂ ಇನ್ನೂರು ಹಿಂದೆ ಇತ್ತು.

ಆ ರಾತ್ರಿ ಕುಳಿತು ಯೋಚಿಸಿದಾಗ ನನ್ನ ಲೆಕ್ಕದ ಹುಳುಕುಗಳು ಒಂದೊಂದಾಗಿ ಕಂಡವು. ಮೊದಲನೆಯದು, ನನ್ನ ಪುಸ್ತಕದಲ್ಲಿದ್ದ ರ‍್ಯಾಂಕು ನನ್ನ ಕಾಲೇಜಿನ ಒಬ್ಬ ಹುಡುಗನದು. ರಾಜ್ಯದಲ್ಲಿ ಸೀಟು ಪಡೆದ ಕೊನೆಯವನದಲ್ಲ. ಎರಡನೆಯದು, ಅವನು ಮೊದಲ ಸುತ್ತಿನಲ್ಲಿ ಸೀಟು ಪಡೆದವನು. ಆಮೇಲೆ ಎಷ್ಟು ಸೀಟು ಕೆಳಗೆ ಇಳಿದವೋ ನಾನು ವಿಚಾರಿಸಿಯೇ ಇರಲಿಲ್ಲ. ಮೂರನೆಯದೇ ದೊಡ್ಡದು. ಆ ಹುಡುಗ ಸಾಮಾನ್ಯ ವರ್ಗದವನು. ಇವಳು ಹಿಂದುಳಿದ ವರ್ಗಗಳ 2ಎ ಗುಂಪಿನವಳು. ಪೇಡೆ ತಂದವನೂ ಅದೇ ಗುಂಪಿನವನು. ಆಯಾ ಗುಂಪಿನ ಸೀಟುಗಳಿಗೆ ಕೊನೆಯ ರ‍್ಯಾಂಕು ಬೇರೆ ಬೇರೆಯೇ ಇರುತ್ತದೆಂದು ನನಗೆ ಗೊತ್ತಿತ್ತು. ಆದರೆ ಮನೆಗೆ ಬಂದವರ ಜಾತಿ ಕೇಳುವುದು ಸಭ್ಯತೆಯಲ್ಲ ಎಂದುಕೊಂಡು ಯಾರನ್ನೂ ಕೇಳುತ್ತಿರಲಿಲ್ಲ. ನನ್ನ ಸಭ್ಯತೆಯ ಬೆಲೆಯನ್ನು ಆ ಹುಡುಗಿ ತೆತ್ತಳು.

ಮರುದಿನ ಹೋಗಿ ಹೇಳಬೇಕಿತ್ತು. ಹೇಳಿದ್ದರೆ ಏನೂ ಬದಲಾಗುತ್ತಿರಲಿಲ್ಲ, ಸೀಟುಗಳು ಮುಗಿದಿದ್ದವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದಿನ ವರ್ಷ ಇನ್ನೊಮ್ಮೆ ಪರೀಕ್ಷೆ ಬರೆಯಬಹುದಿತ್ತಲ್ಲ ಎಂಬ ಮಾತು ಮನಸ್ಸಿನಲ್ಲಿ ಬಂದರೂ ಅದನ್ನು ಮುಂದಕ್ಕೆ ಬಿಡಲಿಲ್ಲ. ಪೇಟೆಬೀದಿಗೆ ಹೋದರೆ ಆಚಾರ್ರ ಅಂಗಡಿ ಇರುವ ಬದಿ ಬಿಟ್ಟು ಎದುರು ಬದಿಯಲ್ಲಿ ನಡೆಯುವುದು ಅಭ್ಯಾಸವಾಯಿತು. 2009ರಲ್ಲಿ ಅವರು ತೀರಿಕೊಂಡಾಗ ಹೋಗಿ ಬಂದೆ. ಮಗಳು ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ಸೆರಗು ಹಿಡಿದುಕೊಂಡು ಒಂದು ಪುಟ್ಟ ಹೆಣ್ಣುಮಗು ನಿಂತಿತ್ತು.

ಜೋಯಿಸತನವನ್ನು ಬಿಟ್ಟೆನೇ ಎಂದರೆ, ಅದೂ ಇಲ್ಲ. ಚಟ ಹಾಗೆಲ್ಲ ಬಿಡುವುದಿಲ್ಲ. ಆದರೆ 'ಸಿಗುವುದಿಲ್ಲ' ಎಂಬ ಮಾತನ್ನು ಬಿಟ್ಟೆ. ಅಷ್ಟರಲ್ಲಿ ಕಾಲವೂ ಬದಲಾಯಿತು. 2002ರಲ್ಲಿ ಸುಪ್ರೀಂ ಕೋರ್ಟು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹಳೆಯ ಫ್ರೀ ಸೀಟು, ಪೇಮೆಂಟ್ ಸೀಟುಗಳ ಏರ್ಪಾಡನ್ನು ತೆಗೆದುಹಾಕಿತು. 2013ರಲ್ಲಿ ನೀಟ್ ಎಂಬ ಅಖಿಲ ಭಾರತದ ಪರೀಕ್ಷೆ ಬಂತು, ಅದೇ ವರ್ಷ ರದ್ದಾಯಿತು, 2016ರಲ್ಲಿ ಮತ್ತೆ ಬಂತು. ವೈದ್ಯಕ್ಕೂ ದಂತವೈದ್ಯಕ್ಕೂ ಅದೇ ಒಂದು ಪರೀಕ್ಷೆಯಾಯಿತು. ಕೌನ್ಸೆಲಿಂಗ್‌ಗೆ ಬಸ್ಸು ಹತ್ತುವ ಕಾಲ ಹೋಗಿ ಕಂಪ್ಯೂಟರಿನ ಮುಂದೆ ಕೂರುವ ಕಾಲ ಬಂತು. ನನ್ನ ನೋಟ್‌ಪುಸ್ತಕ ಅಟ್ಟ ಸೇರಿತು.

ನಡುವೆ ಒಮ್ಮೆ, 2023ರಲ್ಲಿ, ನನ್ನ ಷಡ್ಡಕರು ಅಮೆರಿಕದಿಂದ ಫೋನು ಮಾಡಿದರು. ಅವರ ಮೊಮ್ಮಗ ಅಲ್ಲಿ ಹಲ್ಲಿನ ಕಾಲೇಜಿಗೆ ಸೇರಲು ಡಿಎಟಿ ಎಂಬ ಪರೀಕ್ಷೆ ಬರೆದಿದ್ದ. ಅವನ ಅಂಕಗಳೂ ಏರುಪೇರೇ. 'ನಿಮ್ಮ ಲೆಕ್ಕಕ್ಕೆ ಏನನ್ನಿಸುತ್ತದೆ?' ಎಂದರು. ನನ್ನ ಕೀರ್ತಿ ಸಮುದ್ರ ದಾಟಿದ್ದಕ್ಕೆ ಒಳಗೊಳಗೇ ಹಿಗ್ಗಿ, ಆ ಪರೀಕ್ಷೆಯಲ್ಲಿ ಏನೇನಿದೆ ಎಂದು ಕೇಳಿ ತಿಳಿದುಕೊಂಡೆ. ಜೀವಶಾಸ್ತ್ರ ಮತ್ತು ಎರಡು ಬಗೆಯ ರಸಾಯನಶಾಸ್ತ್ರ ಸೇರಿ ನೂರು ಪ್ರಶ್ನೆ, ಓದಿ ಅರ್ಥ ಮಾಡಿಕೊಳ್ಳುವುದು, ಗಣಿತ. ಇವಲ್ಲದೆ ಇನ್ನೊಂದು ವಿಭಾಗ, ಅದರಲ್ಲಿ ತೊಂಬತ್ತು ಪ್ರಶ್ನೆ. ಕೋನಗಳನ್ನು ಬರಿಗಣ್ಣಿನಲ್ಲಿ ನೋಡಿ ಯಾವುದು ಚಿಕ್ಕದು ಯಾವುದು ದೊಡ್ಡದು ಎಂದು ಹೇಳಬೇಕು. ಮಡಿಸಿದ ಕಾಗದಕ್ಕೆ ತೂತು ಹೊಡೆದರೆ ಬಿಡಿಸಿದಾಗ ತೂತುಗಳು ಎಲ್ಲೆಲ್ಲಿರುತ್ತವೆ ಎಂದು ಹೇಳಬೇಕು. ಒಂದು ವಸ್ತುವನ್ನು ಮೇಲಿನಿಂದ, ಮುಂದಿನಿಂದ ನೋಡಿದ ಚಿತ್ರ ಕೊಟ್ಟರೆ ಪಕ್ಕದಿಂದ ಹೇಗೆ ಕಾಣುತ್ತದೆ ಎಂದು ಊಹಿಸಬೇಕು. ಕಣ್ಣಿನ ಅಳತೆಯ ಪರೀಕ್ಷೆ.

'ಭೌತಶಾಸ್ತ್ರ?' ಎಂದೆ.

'ಅದು ಈ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲವಂತೆ' ಎಂದರು ಷಡ್ಡಕರು.

ಜೀವಮಾನವೆಲ್ಲ ಭೌತಶಾಸ್ತ್ರ ಕಲಿಸಿದವನಿಗೆ ಆ ಮಾತು ಹೇಗೆ ಕೇಳಿಸಿರಬೇಡ! ಹಲ್ಲು ಕೀಳುವುದೇ ಸನ್ನೆಕೋಲಿನ ಕೆಲಸ, ದವಡೆಯೇ ಮೂರನೇ ವರ್ಗದ ಸನ್ನೆ ಎಂದು ವಾದಿಸಬೇಕೆನ್ನಿಸಿತು. ಆದರೆ ನಾಲಿಗೆ ಏಳಲಿಲ್ಲ. ಪ್ರತಿಯೊಂದು ವಿಭಾಗಕ್ಕೂ ಅಲ್ಲಿ ಬೇರೆ ಬೇರೆ ಅಂಕ ಕೊಡುತ್ತಾರೆ. ಆಗ ಅದು 1ರಿಂದ 30ರ ಅಳತೆಯಲ್ಲಿತ್ತು, 2025ರಲ್ಲಿ 200ರಿಂದ 600ರ ಅಳತೆಗೆ ಬದಲಾಯಿತು. ಕಾಲೇಜಿನವರು ಆ ಅಂಕಗಳನ್ನು ಬಿಡಿಬಿಡಿಯಾಗಿ ನೋಡುತ್ತಾರೆ. ಕಾಲೇಜಿನಲ್ಲಿ ಓದಿದ ನಾಲ್ಕು ವರ್ಷದ ಅಂಕಗಳನ್ನು ನೋಡುತ್ತಾರೆ, ಕರೆದು ಕೂರಿಸಿ ಮಾತಾಡಿಸುತ್ತಾರೆ. ಅಂದರೆ, ಒರೆ ಹಚ್ಚುತ್ತಾರೆ. ಆಚಾರ್ರು ಕೇಳಿದ್ದು ಇದನ್ನೇ. ನಾನು ನಕ್ಕಿದ್ದೆ. ಬರಿಗಣ್ಣಿನಲ್ಲಿ ಕೋನ ಅಳೆಯುವ ಆ ತೊಂಬತ್ತು ಪ್ರಶ್ನೆಗಳನ್ನು ಆಚಾರ್ರ ಮಗಳ ಮುಂದೆ ಇಟ್ಟಿದ್ದರೆ ಆಟವಾಡುತ್ತಾ ಬರೆದು ಮುಗಿಸುತ್ತಿದ್ದಳು. ಷಡ್ಡಕರಿಗೆ, 'ಎಲ್ಲ ಕಡೆ ಅರ್ಜಿ ಹಾಕಲಿ, ನನಗೆ ಅಲ್ಲಿಯ ಲೆಕ್ಕ ತಿಳಿಯುವುದಿಲ್ಲ' ಎಂದು ಹೇಳಿ ಫೋನಿಟ್ಟೆ. ನನ್ನ ಜೋಯಿಸತನದಲ್ಲೇ ಅತ್ಯಂತ ಪ್ರಾಮಾಣಿಕವಾದ ಭವಿಷ್ಯ ಅದೇ ಇರಬೇಕು.

2025ರ ಜೂನ್ 14ರಂದು ನೀಟ್ ಫಲಿತಾಂಶ ಬಂತು. ಎರಡು ದಿನ ಬಿಟ್ಟು ಸಂಜೆ ಗೇಟಿನ ಸದ್ದಾಯಿತು. ನೋಡಿದರೆ ಆಚಾರ್ರ ಮಗಳು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಪಕ್ಕದಲ್ಲಿ, ಅಂದು ಅವಳು ನಿಂತಿದ್ದ ಹಾಗೆಯೇ ತಲೆ ತಗ್ಗಿಸಿಕೊಂಡು ನಿಂತ ಹುಡುಗಿ.

'ಸಾರ್, ಇವಳು ನನ್ನ ಮಗಳು. ನೀಟ್ ಬರೆದಿದಾಳೆ. ಹಲ್ಲಿನ ಡಾಕ್ಟರ್ ಆಗ್ಬೇಕಂತೆ. ನೀವು ಸ್ವಲ್ಪ ನೋಡಿ ಹೇಳ್ಬೇಕು' ಎಂದಳು.

ಕುರ್ಚಿಯ ಕೈ ಹಿಡಿದುಕೊಂಡು ಕುಳಿತೆ. ಹುಡುಗಿ ಕಾಗದ ಕೊಟ್ಟಳು. ಜೀವಶಾಸ್ತ್ರದಲ್ಲಿ 360ಕ್ಕೆ 276. ರಸಾಯನಶಾಸ್ತ್ರದಲ್ಲಿ 180ಕ್ಕೆ 90. ಭೌತಶಾಸ್ತ್ರದಲ್ಲಿ 180ಕ್ಕೆ 40. ಒಟ್ಟು 720ಕ್ಕೆ 406. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಕಾಗದವೇ ಹೊಸ ಶಾಯಿಯಲ್ಲಿ ಬಂದ ಹಾಗಿತ್ತು.

'ಬರಲ್ಲ ಬಿಡಿ ಅಜ್ಜಾ' ಎಂದಳು ಹುಡುಗಿ. 'ಕೋಚಿಂಗ್‌ನವರು ಹೋದ ವರ್ಷದ ಚಾರ್ಟು ಕೊಟ್ಟಿದ್ರು. ಅದರಲ್ಲಿ ಇಷ್ಟಕ್ಕೆ ಏನೂ ಸಿಗಲ್ಲ.'

'ಮೊದಲು ಆ ಚಾರ್ಟನ್ನು ಮಡಿಸಿ ಇಡು' ಎಂದೆ. ಅವಸರವಿಲ್ಲದೆ ಕಾಗದ ಪೆನ್ನು ತೆಗೆದುಕೊಂಡೆ. ಈ ಬಾರಿ ಕಾಫಿ ಆರಿಹೋದರೂ ಸರಿ ಎಂದುಕೊಂಡೆ.

ಭೌತಶಾಸ್ತ್ರದಿಂದಲೇ ಶುರು ಮಾಡಿದೆ. ನಲವತ್ತೈದು ಪ್ರಶ್ನೆಗಳಲ್ಲಿ ಮೂವತ್ತನ್ನು ಅವಳು ಬರೆದಿದ್ದಳು. ಹದಿನಾಲ್ಕು ಸರಿ, ಹದಿನಾರು ತಪ್ಪು. ಸರಿಗೆ ನಾಲ್ಕರಂತೆ ಐವತ್ತಾರು, ತಪ್ಪಿಗೆ ಒಂದರಂತೆ ಹದಿನಾರು ದಂಡ, ಉಳಿದದ್ದು ನಲವತ್ತು. ಅಂದರೆ ಅವಳಿಗೆ ಬರುತ್ತಿದ್ದದ್ದು ನಲವತ್ತು ಅಂಕದ್ದಲ್ಲ, ಐವತ್ತಾರರದ್ದು. ಬಾರದ್ದನ್ನು ಬಿಡುವ ಧೈರ್ಯವಿರಲಿಲ್ಲ, ಅಷ್ಟೆ. ಹತ್ತನೆಯ ತರಗತಿಯವರೆಗೆ ತಾಯಿಯದೇ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ವೇಗೋತ್ಕರ್ಷ, ಜಡತ್ವ ಎಂದು ಓದಿ, ಪಿಯುಸಿಗೆ ಬಂದ ಕೂಡಲೇ ಅಕ್ಸೆಲರೇಶನ್, ಇನರ್ಷಿಯಾ ಎಂಬ ಮಾತುಗಳ ನಡುವೆ ಬಿದ್ದ ಮಗು. ಭೌತಶಾಸ್ತ್ರದಲ್ಲಿ ಮೊದಲು ಎಡವುವವರು ಇಂಥವರೇ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಆಮೇಲೆ ವರ್ಷದ ಮಾತು. 2024ರ ಪರಿಷ್ಕೃತ ಫಲಿತಾಂಶದಲ್ಲಿ 720ಕ್ಕೆ 720 ತೆಗೆದವರೇ 17 ಮಂದಿ ಇದ್ದರು. 2025ರಲ್ಲಿ ಭೌತಶಾಸ್ತ್ರದ ಪತ್ರಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಇಡೀ ದೇಶಕ್ಕೆ ಮೊದಲು ಬಂದವನ ಅಂಕವೇ 686. ಸಾಮಾನ್ಯ ವರ್ಗದಲ್ಲಿ ಅರ್ಹತೆಗೆ ಬೇಕಾದ ಅಂಕ 2024ರಲ್ಲಿ 162 ಇದ್ದದ್ದು 2025ರಲ್ಲಿ 144ಕ್ಕೆ ಇಳಿದಿತ್ತು. ಹೀಗಿರುವಾಗ 2024ರ ಚಾರ್ಟಿನ ಅಂಕವನ್ನೂ 2025ರ ಅಂಕವನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಸೇರಿನಲ್ಲಿ ಅಳೆದ ಭತ್ತವನ್ನೂ ಕಿಲೋದಲ್ಲಿ ತೂಗಿದ ಭತ್ತವನ್ನೂ ಹೋಲಿಸಿದ ಹಾಗೆ. 'ನೋಡಬೇಕಾದ್ದು ಅಂಕ ಅಲ್ಲ ಮಗು, ರ‍್ಯಾಂಕು. ಪತ್ರಿಕೆ ಕಷ್ಟವಾದರೆ ಎಲ್ಲರಿಗೂ ಕಷ್ಟ' ಎಂದೆ. ಹುಡುಗಿ ಮೊದಲ ಬಾರಿಗೆ ತಲೆ ಎತ್ತಿದಳು.

ಇನ್ನೂ ಒಂದು ಮಾತಿತ್ತು. ಮೊತ್ತವಷ್ಟೇ ಲೆಕ್ಕ ಎಂಬುದು ನಿಜವಾದರೂ ಒರೆಗಲ್ಲಿಗೆ ಅಲ್ಲಿಯೂ ಒಂದು ಸಣ್ಣ ಜಾಗವಿದೆ. ಇಬ್ಬರಿಗೆ ಒಂದೇ ಮೊತ್ತ ಬಂದರೆ ಮೊದಲು ಜೀವಶಾಸ್ತ್ರದ ಅಂಕ ನೋಡುತ್ತಾರೆ, ಆಮೇಲೆ ರಸಾಯನಶಾಸ್ತ್ರ, ಕಡೆಗೆ ಭೌತಶಾಸ್ತ್ರ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬರೆಯುವ ಪರೀಕ್ಷೆಯಲ್ಲಿ ಒಂದೇ ಮೊತ್ತ ಪಡೆದವರು ನೂರಾರು ಮಂದಿ ಇರುತ್ತಾರೆ. ಜೀವಶಾಸ್ತ್ರದಲ್ಲಿ 276 ಇರುವ ಇವಳು 406ರ ಗುಂಪಿನಲ್ಲಿ ಮುಂದಿನ ಸಾಲಿನಲ್ಲೇ ನಿಲ್ಲಬೇಕು.

ಆಮೇಲೆ, ಹಿಂದೆ ಕೇಳದೆ ಬಿಟ್ಟದ್ದನ್ನೆಲ್ಲ ಕೇಳಿದೆ. ಜಾತಿ ಪ್ರಮಾಣಪತ್ರ ಇದೆಯೇ? ಆದಾಯದ್ದು? ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ? ಕನ್ನಡ ಮಾಧ್ಯಮದ್ದು? ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಸೀಟುಗಳು ಮೀಸಲು. 2ಎ ಗುಂಪಿನ ಒಳಗೇ ಗ್ರಾಮೀಣಕ್ಕೆ ಬೇರೆ, ಕನ್ನಡ ಮಾಧ್ಯಮಕ್ಕೆ ಬೇರೆ ಸಾಲು. ಕೋಚಿಂಗ್‌ನ ಚಾರ್ಟಿನಲ್ಲಿ ಇದ್ದದ್ದು ಒಂದೇ ಸಾಲು, ಸಾಮಾನ್ಯ ವರ್ಗದ್ದು. ಪರೀಕ್ಷಾ ಪ್ರಾಧಿಕಾರದವರು ಪ್ರಕಟಿಸಿದ ಹಿಂದಿನ ಎರಡು ವರ್ಷಗಳ ಪಟ್ಟಿಗಳನ್ನು ಹುಡುಗಿಯೇ ತನ್ನ ಮೊಬೈಲಿನಲ್ಲಿ ತೆಗೆದಳು. ನಾನು ಕಾಲೇಜಿನ ಹೆಸರು ಓದುತ್ತಾ ಹೋದೆ, ಅವಳ ತಾಯಿ ಬರೆದುಕೊಂಡಳು. ಮೊದಲ ಸುತ್ತಿನದಲ್ಲ, ಕೊನೆಯ ಸುತ್ತಿನ ಕೊನೆಯ ರ‍್ಯಾಂಕು. ಶಿಕ್ಷಕಿಯ ಅಕ್ಷರ ಮುತ್ತಿನ ಹಾಗಿತ್ತು. ಕಾಗದದ ಮೇಲೆ ಗೆರೆ ಎಳೆಯಲು ಅವಳಿಗೆ ಈಗಲೂ ಅಡಿಕೋಲು ಬೇಕಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಮೂರು ಪಟ್ಟಿಗಳಾದವು. ಹೆಚ್ಚುಕಡಿಮೆ ಸಿಗುವಂಥವು, ಸಿಕ್ಕರೂ ಸಿಗಬಹುದಾದಂಥವು, ಬಹಳ ದೂರದವು. 'ಆಪ್ಷನ್ ತುಂಬುವಾಗ ಯಾವುದು ಸಿಗುತ್ತೆ ಅಂತ ಯೋಚಿಸಿ ತುಂಬಬೇಡ. ಯಾವುದು ಬೇಕು ಅಂತ ಯೋಚಿಸಿ ತುಂಬು' ಎಂದು ಹುಡುಗಿಗೆ ಹೇಳಿದೆ. 'ದೂರದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ಸಿಗದಿದ್ದರೆ ಕಂಪ್ಯೂಟರು ಕೆಳಗಿನದಕ್ಕೆ ಇಳಿಯುತ್ತದೆ. ಸಿಗುವುದನ್ನೇ ಮೊದಲು ಬರೆದರೆ ಅದೇ ಸಿಕ್ಕಿಬಿಡುತ್ತದೆ, ಅದರ ಕೆಳಗಿನದನ್ನು ಯಾರೂ ನೋಡುವುದಿಲ್ಲ. ಅಣಕು ಹಂಚಿಕೆಯಲ್ಲಿ ಏನೂ ಬರದಿದ್ದರೆ ಅಳಬೇಡ, ಅದು ಬರೀ ರಿಹರ್ಸಲ್ಲು. ಬಿಎಸ್ಸಿಗೂ ಒಂದು ಅರ್ಜಿ ಹಾಕಿರು. ಇನ್ನು ಯಾರಾದರೂ ಫೋನು ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಎಂದರೆ, ಐದು ವರ್ಷದ ಖರ್ಚನ್ನು ನಿಮ್ಮಮ್ಮನ ಸಂಬಳದ ಪಕ್ಕ ಬರೆದು ನೋಡಿ ಆಮೇಲೆ ಮಾತಾಡು.'

'ಸಿಗುತ್ತಾ ಅಜ್ಜಾ?' ಎಂದಳು.

'ನನಗೆ ಗೊತ್ತಿಲ್ಲ' ಎಂದೆ. 'ಹೋಗದೆ ಇದ್ದರೆ ಮಾತ್ರ ಸಿಗುವುದಿಲ್ಲ. ಅದೊಂದು ಖಂಡಿತ.'

ಮಾತು ಅಲ್ಲಿಗೆ ಬಂದ ಮೇಲೆ ತಡೆಯಲಾಗಲಿಲ್ಲ. ಹುಡುಗಿಯನ್ನು ಒಳಗೆ ಅಜ್ಜಿಯ ಹತ್ತಿರ ಕಳಿಸಿ, ತಾಯಿಗೆ ಹೇಳಿದೆ. 'ನೋಡಮ್ಮಾ, ನಿನ್ನ ವಿಷಯದಲ್ಲಿ ನಾನು ತಪ್ಪು ಹೇಳಿದ್ದೆ. ಆ ವರ್ಷ ನಿನಗೆ ಸೀಟು ಸಿಗುತ್ತಿತ್ತು. ಸಿಗಬಹುದಿತ್ತು ಅನ್ನುವುದಲ್ಲ, ಸಿಗುತ್ತಿತ್ತು. ನನಗೆ ಅದು ಆಮೇಲೆ ಗೊತ್ತಾಯಿತು. ಬಂದು ಹೇಳಲಿಲ್ಲ.'

ಅವಳು ಪೆನ್ನಿನ ಮುಚ್ಚಳ ಹಾಕಿದಳು. 'ಗೊತ್ತು ಸಾರ್' ಎಂದಳು.

'ಗೊತ್ತಾ?'

'ಸೀಟು ಸಿಕ್ಕಿದೋನು ನಮ್ಮ ಕ್ಲಾಸ್‌ನವನೇ ಅಲ್ವಾ ಸಾರ್? ನಮ್ಮ ಮನೆಗೂ ಪೇಡೆ ತಂದಿದ್ದ. ಅವನ ರ‍್ಯಾಂಕು ನನಗೆ ಗೊತ್ತಿತ್ತು.' ಸ್ವಲ್ಪ ತಡೆದು ಹೇಳಿದಳು: 'ಅಪ್ಪನಿಗೆ ಮಾತ್ರ ಹೇಳಲಿಲ್ಲ. ಮೂರು ದಿನದ ಕೆಲಸದ ಮಾತು ಆಡಿದ್ದು ಅವರಲ್ವಾ. ಗೊತ್ತಾದ್ರೆ ತಡ್ಕೋತಿರಲಿಲ್ಲ.'

ಇಪ್ಪತ್ತೊಂಬತ್ತು ವರ್ಷ ನಾನು ಪೇಟೆಬೀದಿಯ ಎದುರು ಬದಿಯಲ್ಲಿ ನಡೆದದ್ದು ಯಾರಿಗೆ ಹೆದರಿ ಎಂದು ನನಗೆ ನಗು ಬರಬೇಕಿತ್ತು, ಬರಲಿಲ್ಲ. 'ಅಷ್ಟೆಲ್ಲ ಗೊತ್ತಿದ್ದೂ ಮಗಳನ್ನು ನನ್ನ ಹತ್ತಿರವೇ ಕರೆದುಕೊಂಡು ಬಂದೆಯಲ್ಲಮ್ಮಾ?' ಎಂದೆ.

'ಈ ಊರಲ್ಲಿ ಕಾಗದ ಪೆನ್ನು ಹಿಡಿದು ಎರಡು ಗಂಟೆ ಕೂತು ನೋಡೋರು ಬೇರೆ ಯಾರಿದಾರೆ ಸಾರ್?' ಎಂದಳು. ಆಮೇಲೆ, ಶಿಕ್ಷಕಿಯರು ಮಕ್ಕಳ ಪುಸ್ತಕ ತಿದ್ದುವಾಗಿನ ದನಿಯಲ್ಲಿ, 'ನನ್ನನ್ನೂ ಹೀಗೇ ನೋಡಿದ್ದಿದ್ರೆ ಚೆನ್ನಾಗಿರ್ತಿತ್ತು' ಎಂದಳು. ಕೋಪವಿರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತು.

ಮೊದಲ ಸುತ್ತಿನಲ್ಲಿ ಹುಡುಗಿಗೆ ಏನೂ ಸಿಗಲಿಲ್ಲ. ತಾಯಿ ಫೋನು ಮಾಡಿ ತಿಳಿಸಿದಳು. 'ಪಟ್ಟಿ ಇನ್ನೂ ಇಳಿಯುತ್ತದೆ, ಕಾಯಿ' ಎಂದೆ. ಹೇಳಿದೆನೇ ಹೊರತು ಆ ವಾರ ನನಗೂ ನಿದ್ದೆ ಬರಲಿಲ್ಲ. ಎರಡನೆಯ ಸುತ್ತಿನಲ್ಲಿ ಸರ್ಕಾರಿ ಕೋಟಾದಡಿ ಸೀಟು ಬಂತು. ನಮ್ಮ ಮೂರು ಪಟ್ಟಿಗಳಲ್ಲಿ ನಡುವಿನ ಪಟ್ಟಿಯ ಒಂದು ಕಾಲೇಜು. ಅಂದರೆ ನನ್ನ ಲೆಕ್ಕ ಸರಿಯೂ ಆಗಲಿಲ್ಲ, ತಪ್ಪೂ ಆಗಲಿಲ್ಲ. ಲೆಕ್ಕ ಇರಬೇಕಾದ ಜಾಗ ಬಹುಶಃ ಅದೇ.

2026ರ ಸಂಕ್ರಾಂತಿಗೆ ಹುಡುಗಿ ಊರಿಗೆ ಬಂದವಳು ಎಳ್ಳುಬೆಲ್ಲ ಕೊಡಲು ಮನೆಗೆ ಬಂದಳು. ಎಳ್ಳಿನ ಜೊತೆ ಹುರಿಗಡಲೆ ಧಾರಾಳವಾಗಿತ್ತು. ನನ್ನ ಬಾಯಲ್ಲಿ ಉಳಿದಿರುವುದು ಹನ್ನೊಂದು ಹಲ್ಲು. 'ಬಾಯಿ ತೆಗೀರಿ ಅಜ್ಜಾ' ಎಂದು ನೋಡಿ, ಇನ್ನೂ ಅರ್ಧ ವರ್ಷವೂ ಓದದ ಡಾಕ್ಟರು ಬಹಳ ಗಂಭೀರವಾಗಿ ತಲೆಯಾಡಿಸಿದಳು. ಹೊರಡುವಾಗ ಚೀಲದಿಂದ ಹತ್ತಿಯಲ್ಲಿ ಸುತ್ತಿದ ಏನನ್ನೋ ತೆಗೆದು ಅಂಗೈಯಲ್ಲಿಟ್ಟಳು. ಮೇಣದಲ್ಲಿ ಕೆತ್ತಿದ ದವಡೆಹಲ್ಲು. ಮೊದಲ ವರ್ಷದಲ್ಲಿ ಹಲ್ಲುಗಳನ್ನು ಹೀಗೆ ಮೇಣದಲ್ಲಿ ಕೆತ್ತಿ ಕಲಿಯಬೇಕಂತೆ. ಉಬ್ಬುತಗ್ಗುಗಳು, ನಡುವಿನ ಗೆರೆಗಳು, ಬೇರಿನ ಕವಲು, ಒಂದೂ ತಪ್ಪಿರಲಿಲ್ಲ.

'ಕ್ಲಾಸ್‌ನಲ್ಲಿ ನನ್ನದೇ ಚೆನ್ನಾಗಿದೆ ಅಂದ್ರು' ಎಂದಳು. 'ಅಮ್ಮ ರಜೆಯಲ್ಲಿ ಹೇಳಿಕೊಟ್ಟಳು, ಚಾಕು ಹೇಗೆ ಹಿಡೀಬೇಕು ಅಂತ.'

ಆ ಹಲ್ಲು ಈಗ ನನ್ನ ಮೇಜಿನ ಮೇಲಿದೆ. ಅಟ್ಟದಿಂದ ಹಳೆಯ ನೋಟ್‌ಪುಸ್ತಕವನ್ನೂ ಇಳಿಸಿದ್ದೇನೆ. 1996ರ ಪುಟದಲ್ಲಿ ಆಚಾರ್ರ ಮಗಳ ಹೆಸರಿನ ಮುಂದೆ 'ಸಿಗುವುದಿಲ್ಲ' ಎಂದು ಬರೆದಿತ್ತು. ಅದನ್ನು ಹೊಡೆದುಹಾಕಿ 'ಕೇಳಲಿಲ್ಲ' ಎಂದು ತಿದ್ದಿದ್ದೇನೆ. ಜೂನ್ ಬರುತ್ತಿದೆ. ಗೇಟಿನ ಸದ್ದಾದರೆ ನನ್ನಾಕೆ ಮೊದಲಿನ ಹಾಗೆ ಗೊಣಗುವುದಿಲ್ಲ. ಕಾಫಿಗೆ ನೀರಿಡುತ್ತಾಳೆ.